ಹಾಲಿನ ಡೈರಿಯ ಲೆಕ್ಕ ಸದಸ್ಯರ ಫೋನಿಗೆ: ಎಸ್ಸೆಮ್ಮೆಸ್ ಮತ್ತು ಕರೆಗೆ ಯಾವ ಲೈಬ್ರರಿ, ಯಾವ ದಾರಿ?

ಹಾಲಿನಲೆಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಎರಡು ಹೊತ್ತೂ ಹಾಲು ಹಾಕುವ ಸದಸ್ಯರಿಗೆ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮತ್ತು ಮೊತ್ತವನ್ನು ಚೀಟಿಯಲ್ಲಿ ಮುದ್ರಿಸಿ ಕೊಡಲಾಗುತ್ತದೆ. ಚೀಟಿ ಜೇಬಿನಲ್ಲಿ ನೆನೆದು ಹಾಳಾಗುತ್ತದೆ, ಇಲ್ಲವೇ ಹಾಲು ತಂದ ಮಗುವಿನ ಕೈಯಿಂದ ದಾರಿಯಲ್ಲೇ ಕಳೆದುಹೋಗುತ್ತದೆ. ಬಟವಾಡೆಯ ದಿನ ಲೆಕ್ಕದ ಜಗಳ ತಪ್ಪುವುದಿಲ್ಲ. ಸಂಘದ ಲೆಕ್ಕದ ತಂತ್ರಾಂಶವನ್ನು ಪೈಥಾನ್ ಭಾಷೆ ಮತ್ತು ಅದರ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟು ಬಳಸಿ ನಾನೇ ಬರೆದಿರುವುದರಿಂದ, ಅದೇ ಮಾಹಿತಿಯನ್ನು ಕನ್ನಡದ ಎಸ್ಸೆಮ್ಮೆಸ್ ಆಗಿ ಕಳುಹಿಸುವ ವ್ಯವಸ್ಥೆಯನ್ನು ಸೇರಿಸಬೇಕೆಂದು ಆಡಳಿತ ಮಂಡಳಿ ಕೇಳಿದೆ. ಓದಲು ಬಾರದ ಹಿರಿಯರು ಒಂದು ಸಂಖ್ಯೆಗೆ ಕರೆ ಮಾಡಿ ಅದೇ ಲೆಕ್ಕವನ್ನು ಕೇಳಿಸಿಕೊಳ್ಳುವಂತಿರಬೇಕು ಎಂಬುದು ಎರಡನೆಯ ಬೇಡಿಕೆ.

ತಂತ್ರಾಂಶದ ಮೂಲಕ ಸಂದೇಶ ಮತ್ತು ಕರೆ ಕಳುಹಿಸಿಕೊಡುವ ಟ್ವಿಲಿಯೊ ಸೇವೆಯ ಪೈಥಾನ್ ಲೈಬ್ರರಿಯನ್ನು (ಸಿದ್ಧ ಕೋಡಿನ ಕಟ್ಟು) ಹಾಕಿಕೊಂಡು ಪ್ರಯೋಗ ಖಾತೆಯಿಂದ ನನ್ನ ಸ್ವಂತ ಫೋನಿಗೆ ಸಂದೇಶ ಕಳುಹಿಸಿದೆ. ಹತ್ತು ಸಾಲಿನೊಳಗೆ ಕೆಲಸ ಮುಗಿಯಿತು. ಇಷ್ಟು ಸುಲಭವಾದುದಕ್ಕೇ ಸ್ವಲ್ಪ ಅನುಮಾನವಾಗಿದೆ. ನಾನು ಕಳುಹಿಸಬೇಕೆಂದಿರುವ ಪಠ್ಯ ಇದು:

ಪ್ರಿಯ ಸದಸ್ಯರೇ, ಇಂದು ಬೆಳಿಗ್ಗೆ ನೀವು ಹಾಕಿದ ಹಾಲು 7.5 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ 8.5, ಮೊತ್ತ ರೂ.270.00. ಧನ್ಯವಾದಗಳು. ಹಾಲು ಉತ್ಪಾದಕರ ಸಹಕಾರ ಸಂಘ

ಇದನ್ನು ಎಲ್ಲ ಸದಸ್ಯರಿಗೂ ಕಳುಹಿಸುವ ಮೊದಲು ನಾನು ಏನನ್ನು ತಿಳಿದಿರಬೇಕು? ಬೇರೆ ಲೈಬ್ರರಿ ಒಳ್ಳೆಯದೇ?

ಗಣಕಿ:

ಲೈಬ್ರರಿಯ ಆಯ್ಕೆ ಇಲ್ಲಿ ಅತ್ಯಂತ ಚಿಕ್ಕ ಪ್ರಶ್ನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಟ್ವಿಲಿಯೊ ಆಗಲಿ, ಪ್ಲಿವೊ ಆಗಲಿ, ಬೆಂಗಳೂರಿನ ಎಕ್ಸೊಟೆಲ್ ಆಗಲಿ, ಇವುಗಳ ಲೈಬ್ರರಿಗಳು ತಾವಾಗಿ ಯಾವ ಸಂದೇಶವನ್ನೂ ಕಳುಹಿಸುವುದಿಲ್ಲ. ನೀವು ಕೊಟ್ಟ ಪಠ್ಯ, ಕಳುಹಿಸುವವರ ಗುರುತು ಮತ್ತು ಪಡೆಯುವವರ ಸಂಖ್ಯೆಯನ್ನು ಒಟ್ಟುಗೂಡಿಸಿ ಆ ಸಂಸ್ಥೆಯ ಸರ್ವರಿಗೆ ಒಂದು ಎಚ್‌ಟಿಟಿಪಿ ವಿನಂತಿಯನ್ನು ಸಲ್ಲಿಸುವುದಷ್ಟೇ ಅವುಗಳ ಕೆಲಸ. ಸಂದೇಶ ಕಳುಹಿಸಲು ಲೈಬ್ರರಿಯ ಮೆಸೇಜಸ್ ಡಾಟ್ ಕ್ರಿಯೇಟ್ ಆಜ್ಞೆಯನ್ನು ಕರೆದಾಗ ನಿಮಗೆ ಮರಳಿ ಸಿಗುವುದು ಒಂದು ಗುರುತಿನ ಸಂಖ್ಯೆ ಮತ್ತು ಸಾಮಾನ್ಯವಾಗಿ 'ಕ್ಯೂಡ್' ಎಂಬ ಸ್ಥಿತಿ. ಅದರ ಅರ್ಥ ನಿಮ್ಮ ವಿನಂತಿಯನ್ನು ಸ್ವೀಕರಿಸಿ ಸರದಿಯಲ್ಲಿ ಇಟ್ಟಿದ್ದಾರೆ ಎಂದು ಮಾತ್ರ. ಅಲ್ಲಿಂದ ಮುಂದೆ ಅದು ಮೊಬೈಲ್ ಕಂಪನಿಗೆ ಹೋಗಿದೆಯೇ, ಸದಸ್ಯರ ಕೈಸೇರಿದೆಯೇ ಎಂಬುದು ಆಮೇಲೆ, ನೀವು ಕೊಟ್ಟಿರುವ ಸ್ಟೇಟಸ್ ಕಾಲ್‌ಬ್ಯಾಕ್ ವಿಳಾಸಕ್ಕೆ ಬರುವ ಪ್ರತ್ಯೇಕ ಸೂಚನೆಗಳಿಂದ ತಿಳಿಯಬೇಕು. ದೋಷ ಸಂಖ್ಯೆ 30003 ಬಂದರೆ ಫೋನು ಸಂಪರ್ಕಕ್ಕೆ ಸಿಗುತ್ತಿಲ್ಲ, 30007 ಬಂದರೆ ನಡುವೆ ಎಲ್ಲೋ ಸೋಸಿ ತಡೆದಿದ್ದಾರೆ, 21211 ಬಂದರೆ ನೀವು ಕೊಟ್ಟ ಸಂಖ್ಯೆಯೇ ಸರಿಯಿಲ್ಲ. ಈ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆಬೇರೆ, ಆದ್ದರಿಂದ ಎಲ್ಲವನ್ನೂ 'ವಿಫಲ' ಎಂಬ ಒಂದೇ ಕಾಲಮಿನಲ್ಲಿ ತುಂಬಬೇಡಿ.

ಸದಸ್ಯರ ಪುಸ್ತಕದಲ್ಲಿರುವ ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ಕೆಲವದರ ಮುಂದೆ ಸೊನ್ನೆ, ಕೆಲವದರ ಮುಂದೆ 91, ಇನ್ನು ಕೆಲವದರ ನಡುವೆ ಖಾಲಿ ಜಾಗ ಇದ್ದೇ ಇರುತ್ತದೆ. ಈ ಸೇವೆಗಳೆಲ್ಲ ಇ.164 ಎಂಬ ಅಂತರರಾಷ್ಟ್ರೀಯ ಕ್ರಮವನ್ನು ಕೇಳುತ್ತವೆ: ಪ್ಲಸ್ ಚಿಹ್ನೆ, ದೇಶದ ಸಂಖ್ಯೆ, ಆಮೇಲೆ ಚಂದಾದಾರರ ಸಂಖ್ಯೆ, ಒಟ್ಟು 15 ಅಂಕಿಗಳನ್ನು ಮೀರದಂತೆ. ಗೂಗಲ್‌ನ ಲಿಬ್‌ಫೋನ್‌ನಂಬರ್ ಆಧರಿಸಿದ 'ಫೋನ್‌ನಂಬರ್ಸ್' ಎಂಬ ಪೈಥಾನ್ ಲೈಬ್ರರಿ ಇದನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ. ನೀವೇ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆಯುವ ಶ್ರಮ ಬೇಡ.

ಟ್ವಿಲಿಯೊದ ವಿಚಾರ ನಿಮ್ಮ ತಂತ್ರಾಂಶದ ಒಂದೇ ಒಂದು ಕಡತದೊಳಗೆ ಇರಲಿ. 'ಸಂದೇಶ ಕಳುಹಿಸು' ಎಂಬ ನಿಮ್ಮದೇ ಒಂದು ಫಂಕ್ಷನ್ ಇಟ್ಟುಕೊಂಡು ಉಳಿದ ಕೋಡ್ ಅದನ್ನು ಮಾತ್ರ ಕರೆಯುವಂತೆ ಮಾಡಿದರೆ, ನಾಳೆ ದರದ ಕಾರಣಕ್ಕೆ ಸೇವೆ ಬದಲಿಸಬೇಕಾದಾಗ ಇಡೀ ತಂತ್ರಾಂಶವನ್ನು ತಡಕಾಡಬೇಕಾಗುವುದಿಲ್ಲ.

ಎಪ್ಪತ್ತಕ್ಷರ:

ಹಾಲಿನಲೆಕ್ಕ ಅವರೇ, ನಿಮ್ಮ ಪಠ್ಯವನ್ನು ಉದ್ದ ಎಣಿಸುವ ಪೈಥಾನಿನ ಲೆನ್ ಫಂಕ್ಷನಿಗೆ ಕೊಟ್ಟು ನೋಡಿದೆ. 137 ಬಂದಿತು. ಕನ್ನಡದ ಸಂದೇಶಕ್ಕೆ ಒಂದು ಎಸ್ಸೆಮ್ಮೆಸ್‌ನಲ್ಲಿ ಸಿಗುವುದು 70 ಸ್ಥಾನ. ಅದನ್ನು ಮೀರಿದರೆ ಸಂದೇಶವನ್ನು ತುಂಡು ಮಾಡಿ ಕಳುಹಿಸಬೇಕಾಗುತ್ತದೆ, ಆಗ ತುಂಡುಗಳನ್ನು ಮರುಜೋಡಿಸುವ ಮಾಹಿತಿಗೂ ಜಾಗ ಬೇಕಾಗಿ ಒಂದೊಂದು ತುಂಡಿಗೆ 67 ಮಾತ್ರ ಉಳಿಯುತ್ತದೆ. ಎರಡು ತುಂಡಿಗೆ 134. ಅಂದರೆ ನಿಮ್ಮದು ಬರೀ ಮೂರು ಸ್ಥಾನ ಹೆಚ್ಚಾದ ಕಾರಣಕ್ಕೆ ಮೂರನೆಯ ತುಂಡಿಗೆ ಉಕ್ಕಿದೆ, ಮತ್ತು ಪ್ರತಿ ಸದಸ್ಯರಿಗೂ ದಿನಕ್ಕೆ ಎರಡು ಹೊತ್ತು ಮೂರು ಸಂದೇಶದ ಹಣ ತೆರಬೇಕಾಗುತ್ತದೆ.

ಇಲ್ಲಿ ಎಣಿಕೆಯಾಗುವುದು ನಾವು ಕಣ್ಣಿನಿಂದ ಕಾಣುವ ಅಕ್ಷರವಲ್ಲ, ಯೂನಿಕೋಡ್ ಸಂಕೇತ. 'ಸ್ತ್ರೀ' ನಮಗೆ ಒಂದಕ್ಷರ, ಯಂತ್ರಕ್ಕೆ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ. ಹಾಗಾಗಿ ನಿಮ್ಮ 'ಫ್ಯಾಟ್' ಆರು ಸ್ಥಾನ ತಿನ್ನುತ್ತದೆ, 'ಧನ್ಯವಾದಗಳು' ಹತ್ತನ್ನು ತಿನ್ನುತ್ತದೆ. ಒತ್ತಕ್ಷರ ಹೆಚ್ಚಿದಷ್ಟೂ ಬೆಲೆ ಹೆಚ್ಚು.

ಅದಕ್ಕಿಂತ ಸ್ವಾರಸ್ಯದ ಸಂಗತಿ 'ಎಸ್‌ಎನ್‌ಎಫ್' ಎಂಬ ಪದದಲ್ಲಿದೆ. ನೀವು ಟೈಪಿಸಿರುವುದರಲ್ಲಿ ಎರಡು ಅದೃಶ್ಯ ಸಂಕೇತಗಳಿವೆ. ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಾಗದಂತೆ ತಡೆಯಲು ಹಾಕುವ ಜೀರೋ ವಿಡ್ತ್ ನಾನ್ ಜಾಯ್ನರ್ ಅದು. 'ಸಾಫ್ಟ್‌ವೇರ್' ಎಂಬಲ್ಲಿ ಅದು ಬೇಕು, ಇಲ್ಲದಿದ್ದರೆ ವಕಾರ ಒತ್ತಾಗಿ ಕೆಳಗಿಳಿಯುತ್ತದೆ. ಆದರೆ ಇಲ್ಲಿ ಮುಂದೆ ಬರುವುದು 'ಎ' ಎಂಬ ಸ್ವರ. ಸ್ವರ ಒತ್ತಾಗುವುದೇ ಇಲ್ಲ. ಎರಡನ್ನೂ ತೆಗೆದರೆ 135. 'ಧನ್ಯವಾದಗಳು' ನಂತರದ ಚುಕ್ಕಿಯನ್ನೂ ತೆಗೆದರೆ 134, ಎರಡು ತುಂಡು. ಆದರೆ ಹೀಗೆ ಅಂಚಿನಲ್ಲಿ ನಿಲ್ಲಿಸಿದರೆ ಹನ್ನೆರಡೂವರೆ ಲೀಟರು ಹಾಕಿದವರ ಸಂದೇಶ ಮತ್ತೆ ಮೂರಕ್ಕೆ ಹೋಗುತ್ತದೆ. ಇಡೀ ಪಠ್ಯವನ್ನೇ ಬೇರೆ ರೀತಿ ಬರೆಯಿರಿ. ಯಾವ ಸದಸ್ಯರೂ ದಿನಕ್ಕೆ ಎರಡು ಬಾರಿ 'ಪ್ರಿಯ ಸದಸ್ಯರೇ' ಎಂದು ಕರೆಸಿಕೊಳ್ಳಲು ಕಾದಿಲ್ಲ.

ಎಣಿಸುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ನಾರ್ಮಲೈಸ್ ಮಾಡಿಕೊಳ್ಳಿ. 'ಕೋ' ಎಂಬುದು ಕೂಡಿದ ರೂಪದಲ್ಲಿ ಎರಡು ಸಂಕೇತ, ಬಿಡಿಸಿದ ರೂಪದಲ್ಲಿ ನಾಲ್ಕು. ತೆರೆಯ ಮೇಲೆ ಎರಡೂ ಒಂದೇ.

ಹಾಲಿನಲೆಕ್ಕ:

ಇದು ನನಗೆ ತಿಳಿದಿರಲಿಲ್ಲ, ಧನ್ಯವಾದಗಳು. ಹಾಗಾದರೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಬರೆದು ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಸಿಗುವ ಲಾಭ ಪಡೆಯಬಹುದಲ್ಲವೇ ಎಂದು ಸಂಘದ ಕಾರ್ಯದರ್ಶಿಯವರು ಕೇಳುತ್ತಿದ್ದಾರೆ. ಎಪ್ಪತ್ತೇ ಏಕೆ ಎಂಬುದನ್ನೂ ಅವರಿಗೆ ವಿವರಿಸಬೇಕಾಗಿದೆ.

ತಂತಿಮನೆ:

ದೂರಸಂಪರ್ಕ ಇಲಾಖೆಯ ಕೆಲಸದಿಂದ ನಿವೃತ್ತನಾದವನು. ಈ ಪ್ರಶ್ನೆಗೆ ಉತ್ತರಿಸುವ ಆಸೆಯನ್ನು ತಡೆಯಲಾರೆ. ಎಸ್ಸೆಮ್ಮೆಸ್ ಹುಟ್ಟಿದ್ದು ಮೊಬೈಲ್ ಜಾಲವು ತನ್ನ ಆಂತರಿಕ ಸಂಕೇತಗಳಿಗಾಗಿ ಇಟ್ಟುಕೊಂಡಿದ್ದ ವಾಹಿನಿಯಲ್ಲಿ. ಅಲ್ಲಿ ಒಂದು ಸಂದೇಶದ ಪಠ್ಯಕ್ಕೆ ದೊರೆತದ್ದು 140 ಬೈಟ್. ಒಂದು ಬೈಟಿಗೆ ಎಂಟು ಬಿಟ್‌ನಂತೆ ಇದು 1,120 ಬಿಟ್. ಜಿಎಸ್‌ಎಂ ಎಂಬ ಮೊಬೈಲ್ ಮಾನಕದ ಮೂಲ ಅಕ್ಷರಪಟ್ಟಿಯಲ್ಲಿ ಒಂದಕ್ಷರಕ್ಕೆ ಏಳು ಬಿಟ್ ಸಾಕು, ಆದ್ದರಿಂದ 160. ಆ ಪಟ್ಟಿಯಲ್ಲಿಲ್ಲದ ಲಿಪಿಗೆ ಯುಸಿಎಸ್-2 ಎಂಬ ಹದಿನಾರು ಬಿಟ್ ಸಂಕೇತ, ಆದ್ದರಿಂದ 70. ತುಂಡು ಮಾಡಿದಾಗ ಪ್ರತಿ ತುಂಡಿನಲ್ಲೂ ಆರು ಬೈಟ್ ಜೋಡಣೆಯ ತಲೆಪಟ್ಟಿಗೆ ಹೋಗುತ್ತದೆ, ಅದಕ್ಕೇ 153 ಮತ್ತು 67.

ನಿಮ್ಮಲ್ಲಿ ಹಲವರಿಗೆ ಅಚ್ಚರಿಯಾಗಬಹುದಾದ ಒಂದು ಸಂಗತಿಯಿದೆ. ಇದೇ ಮಾನಕದ ಆಮೇಲಿನ ಆವೃತ್ತಿಗಳಲ್ಲಿ ಹಿಂದಿ, ತಮಿಳು, ತೆಲುಗು, ಮಲಯಾಳಂ ಮೊದಲಾದವುಗಳ ಜೊತೆಗೆ ಕನ್ನಡಕ್ಕೂ ಏಳು ಬಿಟ್‌ನ ಪ್ರತ್ಯೇಕ ಅಕ್ಷರಪಟ್ಟಿಯನ್ನು ಸೇರಿಸಲಾಗಿದೆ. ಕಾಗದದ ಮೇಲೆ, ಕನ್ನಡದ ಸಂದೇಶವೂ ನೂರೈವತ್ತರ ಆಸುಪಾಸಿನ ಉದ್ದಕ್ಕೆ ಹೋಗಬಲ್ಲದು. ಆದರೆ ಕಳುಹಿಸುವ ಗೇಟ್‌ವೇ, ನಡುವಿನ ಜಾಲ ಮತ್ತು ಪಡೆಯುವ ಫೋನು ಮೂರಕ್ಕೂ ಆ ಪಟ್ಟಿ ಗೊತ್ತಿರಬೇಕು, ಹಳೆಯ ಫೋನಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ. ಆದ್ದರಿಂದ ವಾಣಿಜ್ಯ ಸೇವೆಗಳು ಯುಸಿಎಸ್-2ರಲ್ಲೇ ಉಳಿದಿವೆ. ಅದನ್ನು ನೆಚ್ಚಿ ಯೋಜನೆ ಹಾಕಬೇಡಿ.

ಕಾರ್ಯದರ್ಶಿಯವರ ಸಲಹೆಗೆ ಬರುವುದಾದರೆ, ಇಂಗ್ಲಿಷ್ ಲಿಪಿಯ ಕನ್ನಡವನ್ನು ಓದಬಲ್ಲವರು ಯುವಕರು. ಅವರಿಗೆ ಚೀಟಿಯೂ ಸಾಕು. ಅಲ್ಲದೆ ಅಲ್ಲೊಂದು ಹಳ್ಳವಿದೆ: ರೂಪಾಯಿಯ ಹೊಸ ಚಿಹ್ನೆ ಜಿಎಸ್‌ಎಂ ಪಟ್ಟಿಯಲ್ಲಿ ಇಲ್ಲ. 160ರ ಇಂಗ್ಲಿಷ್ ಸಂದೇಶದಲ್ಲಿ ಆ ಒಂದು ಚಿಹ್ನೆ ಹಾಕಿದರೆ ಇಡೀ ಸಂದೇಶ ಹದಿನಾರು ಬಿಟ್‌ಗೆ ಜಿಗಿಯುತ್ತದೆ. 'ರೂ.' ಎಂದೇ ಬರೆಯಿರಿ.

ಅರಳಿಕಟ್ಟೆ:

ಇಷ್ಟೆಲ್ಲ ಸುತ್ತುದಾರಿ ಏಕೆ? ಒಂದು ಯುಎಸ್‌ಬಿ ಡಾಂಗಲ್‌ಗೆ ಸಂಘದ ಸಿಮ್ ಹಾಕಿ, ಗ್ಯಾಮು ಎಂಬ ಉಚಿತ ತಂತ್ರಾಂಶದಿಂದ ನೇರವಾಗಿ ಕಳುಹಿಸಬಹುದು. ಖರ್ಚೂ ಇಲ್ಲ, ನೋಂದಣಿಯೂ ಇಲ್ಲ.

ಟೆಂಪ್ಲೇಟ್‌ಪೀಡಿತ:

ಅರಳಿಕಟ್ಟೆಯವರೇ, ತಾಂತ್ರಿಕವಾಗಿ ನೀವು ಹೇಳಿದ್ದು ನಡೆಯುತ್ತದೆ, ಕಾನೂನಿನ ಪ್ರಕಾರ ನಡೆಯುವುದಿಲ್ಲ. ಸಾಮಾನ್ಯ ಸಿಮ್‌ನಿಂದ ಇಂಥ ಸಂದೇಶಗಳನ್ನು ಸಾಲುಸಾಲಾಗಿ ಕಳುಹಿಸುವವರನ್ನು ನೋಂದಣಿಯಿಲ್ಲದ ಟೆಲಿಮಾರ್ಕೆಟರ್ ಎಂದು ಪರಿಗಣಿಸಿ ಸಂಪರ್ಕವನ್ನೇ ಕಡಿಯುವ ಅಧಿಕಾರ ಮೊಬೈಲ್ ಕಂಪನಿಗಳಿಗಿದೆ. ಸಂಘದ ಏಕೈಕ ಫೋನ್ ಸಂಖ್ಯೆಯನ್ನು ಹೀಗೆ ಪಣಕ್ಕಿಡುವುದು ಬೇಡ.

ಭಾರತದಲ್ಲಿ ಸಂಸ್ಥೆಯೊಂದು ಗ್ರಾಹಕರಿಗೆ ಸಂದೇಶ ಕಳುಹಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಹೊರಡಿಸಿದ ವಾಣಿಜ್ಯ ಸಂವಹನ ನಿಯಮಾವಳಿಯ ಪ್ರಕಾರ ಡಿಎಲ್‌ಟಿ (ಮೊಬೈಲ್ ಕಂಪನಿಗಳು ಹಂಚಿಕೊಂಡ ದಾಖಲೆ ಪುಸ್ತಕ) ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಜಿಯೊ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಒಂದೊಂದೂ ತಮ್ಮ ಪೋರ್ಟಲ್ ನಡೆಸುತ್ತವೆ; ಒಂದರಲ್ಲಿ ನೋಂದಾಯಿಸಿದರೆ ಸಾಕು, ಕೆಲವದರಲ್ಲಿ ಶುಲ್ಕವಿದೆ. ಮೊದಲು ಸಂಘವೇ 'ಪ್ರಿನ್ಸಿಪಲ್ ಎಂಟಿಟಿ', ಅಂದರೆ ಸಂದೇಶದ ಮೂಲ ಸಂಸ್ಥೆ ಆಗಿ ನೋಂದಣಿಯಾಗಬೇಕು, ಅದಕ್ಕೆ ಪ್ಯಾನ್ ಮತ್ತು ಸಂಘದ ನೋಂದಣಿ ಪತ್ರ ಬೇಕು. ಆಮೇಲೆ ಆರಕ್ಷರದ ಹೆಡರ್, ಅಂದರೆ ಫೋನಿನಲ್ಲಿ ಕಳುಹಿಸಿದವರ ಹೆಸರಿನ ಜಾಗದಲ್ಲಿ ಕಾಣುವ ಗುರುತು. ಅದಕ್ಕೂ ಮೊದಲು ಬರುವ ಎರಡಕ್ಷರಗಳು ಕಂಪನಿಯನ್ನೂ ವಲಯವನ್ನೂ ಸೂಚಿಸುತ್ತವೆ. ಎರಡನೆಯದು ಎಕ್ಸ್ ಆಗಿದ್ದರೆ ಕರ್ನಾಟಕ. ಕೊನೆಗೆ ಟೆಂಪ್ಲೇಟ್: ನೀವು ಕಳುಹಿಸುವ ಪಠ್ಯವನ್ನು ಮುಂಚಿತವಾಗಿ ಸಲ್ಲಿಸಿ, ಬದಲಾಗುವ ಭಾಗಗಳನ್ನು ವೇರಿಯಬಲ್ ಎಂದು ಗುರುತಿಸಿ, ಒಪ್ಪಿಗೆ ಪಡೆಯಬೇಕು. ಒಂದು ವೇರಿಯಬಲ್‌ನಲ್ಲಿ ಹಿಡಿಯುವ ಅಕ್ಷರಗಳಿಗೂ ಮಿತಿಯಿದೆ. ನಿಮ್ಮದು ಸದಸ್ಯರು ತಾವೇ ನಡೆಸಿದ ವಹಿವಾಟಿನ ಮಾಹಿತಿಯಾದ್ದರಿಂದ ಪ್ರಚಾರವಲ್ಲದ ಸಂದೇಶಗಳ ವರ್ಗ ಆರಿಸಿ, ಸಂದೇಶದ ಬಗೆ ಯೂನಿಕೋಡ್ ಎಂದು ಮರೆಯದೆ ಸೂಚಿಸಿ.

ನೋಂದಾಯಿತ ಪಠ್ಯದೊಂದಿಗೆ ಹೊಂದದ ಸಂದೇಶವನ್ನು ಜಾಲವು ತಿರಸ್ಕರಿಸುತ್ತದೆ. 2021ರ ಮಾರ್ಚ್ 8ರಂದು ಈ ಸೋಸುವಿಕೆಯನ್ನು ಜಾರಿಗೆ ತಂದಾಗ ದೇಶದಾದ್ಯಂತ ಒಟಿಪಿಗಳೇ ಬಾರದೆ ಹೋಗಿ, ಟ್ರಾಯ್ ಅದನ್ನು ಒಂದು ವಾರದ ಮಟ್ಟಿಗೆ ತಡೆಹಿಡಿಯಬೇಕಾಯಿತು. ಈಗ ಅಂಥ ವಿನಾಯಿತಿ ಇಲ್ಲ. 2024ರ ಅಕ್ಟೋಬರ್‌ನಿಂದ ಸಂದೇಶದೊಳಗಿನ ಕೊಂಡಿಗಳನ್ನೂ ಮುಂಚೆಯೇ ಒಪ್ಪಿಗೆಪಟ್ಟಿಗೆ ಸೇರಿಸಬೇಕು, ಅದೇ ವರ್ಷದ ಡಿಸೆಂಬರ್‌ನಿಂದ ನಿಮ್ಮ ಸಂಘದಿಂದ ಮೊಬೈಲ್ ಕಂಪನಿಯವರೆಗೆ ನಡುವೆ ಯಾರ್ಯಾರು ಇದ್ದಾರೆಂಬ ಸರಪಣಿಯನ್ನೂ ದಾಖಲಿಸಬೇಕು. ಸರಪಣಿಯ ಒಂದು ಕೊಂಡಿ ಪೋರ್ಟಲಿನಲ್ಲಿ ಇಲ್ಲದಿದ್ದರೂ ಸಂದೇಶ ಹೋಗುವುದಿಲ್ಲ, ಲೈಬ್ರರಿ ಮಾತ್ರ ಯಾವ ದೂರನ್ನೂ ಹೇಳದೆ ವಿನಂತಿ ಸಲ್ಲಿಕೆಯಾಯಿತೆಂದು ತಿಳಿಸುತ್ತದೆ.

ಎಪ್ಪತ್ತಕ್ಷರ ಅವರು ಹೇಳಿದ ಅದೃಶ್ಯ ಸಂಕೇತಕ್ಕೂ ಇದಕ್ಕೂ ನೇರ ಸಂಬಂಧವಿದೆ. ನಾವು ಒಂದು ಆಸ್ಪತ್ರೆಗೆ ಇಂಥದೇ ಕೆಲಸ ಮಾಡುತ್ತಿದ್ದಾಗ 'ಚೆಕ್‌ಅಪ್' ಎಂಬ ಪದವಿದ್ದ ಕನ್ನಡದ ಸಂದೇಶಗಳು ಮಾತ್ರ ತಿರಸ್ಕೃತವಾಗುತ್ತಿದ್ದವು. ಪೋರ್ಟಲಿನಲ್ಲಿ ಒಪ್ಪಿಗೆಯಾದ ಪಠ್ಯವನ್ನೂ ನಮ್ಮ ಡೇಟಾಬೇಸಿನ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಎಷ್ಟು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಒಂದೊಂದು ಸಂಕೇತವನ್ನೂ ಸಂಖ್ಯೆಯಾಗಿ ಮುದ್ರಿಸಿದಾಗ, ಪೋರ್ಟಲಿನ ಪಠ್ಯದಲ್ಲಿ 'ಕ್' ನಂತರದ ನಾನ್ ಜಾಯ್ನರ್ ಬಿದ್ದುಹೋಗಿರುವುದು ತಿಳಿಯಿತು. ನಡುವೆ ಯಾರೋ ಅದನ್ನು ಬೇರೊಂದು ಕಡತಕ್ಕೆ ನಕಲಿಸಿ ಸಲ್ಲಿಸಿದ್ದರು. ಆದ್ದರಿಂದ ಒಪ್ಪಿಗೆಯಾದ ಮೇಲೆ ಪೋರ್ಟಲಿನಲ್ಲಿರುವ ಪಠ್ಯವನ್ನೇ ನಕಲು ಮಾಡಿ ನಿಮ್ಮ ಕೋಡಿಗೆ ಅಂಟಿಸಿ. ಟೈಪ್ ಮಾಡಲು ಹೋಗಬೇಡಿ.

ಟ್ವಿಲಿಯೊದಂಥ ವಿದೇಶಿ ಸೇವೆಯಿಂದ ನೋಂದಣಿಯಿಲ್ಲದೆಯೂ ಅಂತರರಾಷ್ಟ್ರೀಯ ಮಾರ್ಗದಲ್ಲಿ ಸಂದೇಶ ಬರುತ್ತದೆ, ನಿಮ್ಮ ಪ್ರಯೋಗ ಖಾತೆಯಲ್ಲಿ ಆದದ್ದು ಅದೇ. ಆ ಮಾರ್ಗ ದೇಶೀಯ ಮಾರ್ಗಕ್ಕಿಂತ ಹಲವು ಪಟ್ಟು ದುಬಾರಿ, ಮೇಲಾಗಿ ಸಂಘದ ಹೆಸರಿನ ಬದಲು ಯಾವುದೋ ಅಂಕಿಗಳಿಂದ ಸಂದೇಶ ಬಂದಂತೆ ಕಾಣುತ್ತದೆ. ಸಹಕಾರ ಸಂಘದ ಲೆಕ್ಕ ಅಪರಿಚಿತ ಸಂಖ್ಯೆಯಿಂದ ಬಂದರೆ ಜನ ನಂಬುವುದಾದರೂ ಹೇಗೆ?

ಅರಳಿಕಟ್ಟೆ:

ಸರಿ, ಡಾಂಗಲ್ ಮಾತನ್ನು ಹಿಂತೆಗೆದುಕೊಂಡೆ. ವಾಟ್ಸ್ಆ್ಯಪ್?

ಟೆಂಪ್ಲೇಟ್‌ಪೀಡಿತ:

ಅಲ್ಲಿಯೂ ಟೆಂಪ್ಲೇಟ್ ಒಪ್ಪಿಗೆ ಇದ್ದೇ ಇದೆ, ಉದ್ದದ ತೊಡಕಿಲ್ಲ ಎಂಬುದು ನಿಜ. ಆದರೆ ಈ ಸಂದೇಶ ಯಾರಿಗೆ ಅಗತ್ಯವೋ ಅವರ ಕೈಯಲ್ಲಿರುವುದು ಬಟನ್ ಫೋನು.

ಧ್ವನಿಪೆಟ್ಟಿಗೆ:

ಕರೆಯ ಭಾಗವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಬರೆಯುತ್ತೇನೆ; ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯ ನಿಜವಾದ ಉಪಯೋಗ ಇರುವುದು ಅಲ್ಲಿಯೇ.

ಸದಸ್ಯರು ಸಂಖ್ಯೆಗೆ ಕರೆ ಮಾಡಿದಾಗ ಸೇವೆಯು ನಿಮ್ಮ ಫ್ಲಾಸ್ಕ್ ಸರ್ವರಿನ ಒಂದು ವಿಳಾಸವನ್ನು ಕೇಳುತ್ತದೆ: ಈ ಸಂಖ್ಯೆಯಿಂದ ಕರೆ ಬಂದಿದೆ, ಏನು ಮಾಡಲಿ? ನೀವು ಎಕ್ಸ್‌ಎಂಎಲ್ ರೂಪದ ಚಿಕ್ಕ ಉತ್ತರವನ್ನು ಕೊಡಬೇಕು. ಟ್ವಿಲಿಯೊದಲ್ಲಿ 'ಸೇ' ಎಂದರೆ ಪಠ್ಯವನ್ನು ಓದಿ ಹೇಳು, 'ಪ್ಲೇ' ಎಂದರೆ ಧ್ವನಿಕಡತ ನುಡಿಸು, 'ಗ್ಯಾದರ್' ಎಂದರೆ ಒತ್ತಿದ ಅಂಕಿಗಳನ್ನು ಸಂಗ್ರಹಿಸಿ ಮುಂದಿನ ವಿಳಾಸಕ್ಕೆ ಕಳುಹಿಸು. ಪ್ಲಿವೊದಲ್ಲಿ ಹೆಸರುಗಳು ಬೇರೆ, ಕ್ರಮ ಹೆಚ್ಚುಕಡಿಮೆ ಇದೇ. ಲೈಬ್ರರಿಯಲ್ಲಿ ಈ ಉತ್ತರವನ್ನು ಕಟ್ಟುವ ಕ್ಲಾಸುಗಳು ಇರುವುದರಿಂದ ಎಕ್ಸ್‌ಎಂಎಲ್ ಅನ್ನು ಕೈಯಿಂದ ಬರೆಯಬೇಕಾಗಿಲ್ಲ. ಉತ್ತರ 15 ಸೆಕೆಂಡಿನೊಳಗೆ ಬರದಿದ್ದರೆ ಟ್ವಿಲಿಯೊ ಕೈಬಿಡುತ್ತದೆ. ಆ ಕಡೆ ಮೌನವನ್ನು ಕೇಳುತ್ತಿರುವ ಮನುಷ್ಯರು ಅದಕ್ಕೂ ಮುಂಚೆಯೇ ಕೈಬಿಡುತ್ತಾರೆ.

ಕರೆ ಬಂದ ಸಂಖ್ಯೆಯಿಂದಲೇ ಸದಸ್ಯರನ್ನು ಗುರುತಿಸಬಹುದಾದರೂ, ಒಂದೇ ಫೋನಿನಲ್ಲಿ ಅತ್ತೆ ಸೊಸೆ ಇಬ್ಬರ ಖಾತೆಯೂ ಇರುವ ಮನೆಗಳು ಬಹಳ. ಅಂಥಲ್ಲಿ ಸದಸ್ಯ ಸಂಖ್ಯೆಯನ್ನು ಒತ್ತಿಸಿಕೊಳ್ಳಿ. 'ಒತ್ತಿದ ನಂತರ ಹ್ಯಾಷ್ ಒತ್ತಿ' ಎಂದು ಹೇಳಿಸಬೇಡಿ, ಆ ಗುಂಡಿ ಯಾವುದೆಂದು ಹುಡುಕುವುದರಲ್ಲೇ ಕರೆ ಮುಗಿಯುತ್ತದೆ. ಎಲ್ಲ ಸಂಖ್ಯೆಗಳನ್ನೂ ನಾಲ್ಕಂಕಿಗೆ ಸಮ ಮಾಡಿ, ನಾಲ್ಕು ಬಂದ ಕೂಡಲೇ ಮುಂದೆ ಹೋಗುವಂತೆ ಗ್ಯಾದರ್‌ಗೆ ತಿಳಿಸಿ. ಅದು ಕಾಯುವ ಪೂರ್ವನಿಗದಿತ ಅವಧಿ 5 ಸೆಕೆಂಡು. ಬಟನ್ ಫೋನನ್ನು ಕಿವಿಯಿಂದ ಇಳಿಸಿ, ಬೆಳಕಿಗೆ ಹಿಡಿದು, ಗುಂಡಿ ಒತ್ತಿ, ಮತ್ತೆ ಕಿವಿಗೆ ಇಡುವವರಿಗೆ ಅದು ಸಾಲದು. ಹತ್ತು ಅಥವಾ ಹನ್ನೆರಡು ಇಡಿ, ಮತ್ತು ಅಂಕಿ ಒತ್ತಿದ ಮೇಲೆ ಒಂದು ಕ್ಷಣ ಬಿಟ್ಟು ಮಾತು ಆರಂಭಿಸಿ, ಇಲ್ಲದಿದ್ದರೆ ಮೊದಲ ಪದ ಗಾಳಿಗೆ ಹೋಗುತ್ತದೆ.

ಧ್ವನಿಯ ವಿಷಯ. ಗೂಗಲ್‌ನ ಪಠ್ಯದಿಂದ ಮಾತಿಗೆ ಸೇವೆಯಲ್ಲಿ ಕನ್ನಡವಿದೆ, ಐಐಟಿ ಮದ್ರಾಸಿನ ಇಂಡಿಕ್ ಟಿಟಿಎಸ್ ಯೋಜನೆಯಲ್ಲೂ ಕನ್ನಡವಿದೆ. ಬದಲಾಗುತ್ತಲೇ ಇರುವ ಸುದ್ದಿಗೆ ಅವು ಒಳ್ಳೆಯವು. ನಿಮ್ಮ ಸಂದೇಶದಲ್ಲಿ ಬದಲಾಗುವುದು ಅಂಕಿಗಳು ಮಾತ್ರವಾದ್ದರಿಂದ, ಊರಿನ ಕಡೆಯ ಮಾತಿನಲ್ಲಿ ಒಬ್ಬರಿಂದ ಓದಿಸಿ ಧ್ವನಿಮುದ್ರಿಸಿಕೊಳ್ಳುವುದೇ ಮೇಲು ಎಂದು ನನಗೆ ಅನಿಸುತ್ತದೆ. ಆದರೆ ಇಂಗ್ಲಿಷಿನಂತೆ ಬಿಡಿ ಅಂಕಿಗಳನ್ನು ಜೋಡಿಸಿದರೆ ಕನ್ನಡವಾಗುವುದಿಲ್ಲ. ಒಂದರಿಂದ ತೊಂಬತ್ತೊಂಬತ್ತರವರೆಗೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಓದಿಸಬೇಕು. ನೂರುಗಳನ್ನು ಎರಡೆರಡು ರೂಪದಲ್ಲಿ ಓದಿಸಬೇಕು: ಮೊತ್ತ 200 ಆದರೆ 'ಇನ್ನೂರು', 270 ಆದರೆ 'ಇನ್ನೂರ' ಮತ್ತು 'ಎಪ್ಪತ್ತು'. ಹಾಗೆಯೇ 'ಸಾವಿರ' ಒಂದು, 'ಸಾವಿರದ' ಇನ್ನೊಂದು. ಒಂಬತ್ತು ನೂರುಗಳ ಹದಿನೆಂಟು ರೂಪ, ಸಾವಿರದ ಎರಡು, ತೊಂಬತ್ತೊಂಬತ್ತು ಬಿಡಿ ಸಂಖ್ಯೆಗಳು, ಒಟ್ಟು 119 ತುಣುಕುಗಳಿಂದ 99,999ರವರೆಗಿನ ಯಾವ ಮೊತ್ತವನ್ನೂ ಹೇಳಿಸಬಹುದು. ಸಾವಿರದ ಮುಂದೆ 'ಒಂದು' ಹೇಳಬೇಕೋ ಬೇಡವೋ ಎಂಬುದನ್ನು ನಿಮ್ಮೂರಿನ ರೂಢಿಗೆ ಬಿಡಿ. ಏಳೂವರೆ ಲೀಟರನ್ನು 'ಏಳು ಲೀಟರ್ ಐನೂರು ಮಿಲಿ' ಎಂದರೆ ಸಂಖ್ಯೆಗಳಿಗೆ ಹೊಸ ತುಣುಕುಗಳು ಬೇಕಾಗುವುದಿಲ್ಲ.

ಫೋನಿನ ಜಾಲದಲ್ಲಿ ಧ್ವನಿ ಸೆಕೆಂಡಿಗೆ 8,000 ಮಾದರಿಗಳಿಗೆ ಇಳಿಯುತ್ತದೆ, ಸುಮಾರು 300ರಿಂದ 3,400 ಹರ್ಟ್ಜ್ ಮಾತ್ರ ದಾಟುತ್ತದೆ. ಸ್ಟುಡಿಯೊದಲ್ಲಿ ಸ್ಫಟಿಕದಂತೆ ಕೇಳಿದ್ದು ಡೈರಿಯ ಗದ್ದಲದಲ್ಲಿ ಹಾಗೆ ಕೇಳುವುದಿಲ್ಲ. ಮುಖ್ಯವಾಗಿ 'ಇಪ್ಪತ್ತು' ಮತ್ತು 'ಎಪ್ಪತ್ತು' ಕಿವಿಗೆ ಒಂದೇ ಆಗಿಬಿಡುತ್ತವೆ, ವ್ಯತ್ಯಾಸ ಐವತ್ತು ರೂಪಾಯಿ. ಮೊತ್ತವನ್ನು ಒಮ್ಮೆ ಪೂರ್ತಿಯಾಗಿ, ಇನ್ನೊಮ್ಮೆ 'ಎರಡು, ಏಳು, ಸೊನ್ನೆ' ಎಂದು ಬಿಡಿಬಿಡಿಯಾಗಿ ಹೇಳಿಸಿ. ತುಣುಕುಗಳನ್ನು ಒಂದಾದ ಮೇಲೊಂದು ಪ್ಲೇ ಆಜ್ಞೆಯಾಗಿ ಕೊಡಬೇಡಿ. ಪ್ರತಿ ಕಡತವನ್ನೂ ತರಿಸಿಕೊಳ್ಳುವ ವಿಳಂಬದಿಂದ ಮಾತು ತೊದಲುತ್ತದೆ. ನಿಮ್ಮ ಸರ್ವರಿನಲ್ಲೇ ಎಫ್‌ಎಫ್‌ಎಂಪೆಗ್ ಎಂಬ ಧ್ವನಿ-ವಿಡಿಯೊ ತಂತ್ರಾಂಶ ಬಳಸಿ ಒಂದು ಕಡತವಾಗಿ ಹೊಲಿದು ಕೊಡಿ.

ತಂತಿಮನೆ:

ಧ್ವನಿಪೆಟ್ಟಿಗೆಯವರು ಹೇಳಿದ್ದಕ್ಕೆ ಪೂರಕವಾಗಿ ಒಂದು ಉದಾಹರಣೆ. ಹುಬ್ಬಳ್ಳಿ-ಧಾರವಾಡದಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಕುಡಿಯುವ ನೀರಿನ ಸಮಯವನ್ನು ಇದೇ ಮಾದರಿಯಲ್ಲಿ ತಿಳಿಸುತ್ತಿತ್ತು: ವಾಲ್ವ್ ತಿರುಗಿಸುವವರು ಒಂದು ಧ್ವನಿ ವ್ಯವಸ್ಥೆಗೆ ಕರೆ ಮಾಡಿ ಮಾಹಿತಿ ಕೊಡುವುದು, ಆ ಬಡಾವಣೆಯ ಮನೆಗಳಿಗೆ ಎಸ್ಸೆಮ್ಮೆಸ್ ಹೋಗುವುದು. ಅಲ್ಲಿಯೂ ಇಡೀ ವ್ಯವಸ್ಥೆ ನಿಂತಿದ್ದದ್ದು ವಾಲ್ವ್‌ಮನ್ ಕರೆ ಮಾಡುತ್ತಾರೆಯೇ ಎಂಬುದರ ಮೇಲೆ. ನಿಮ್ಮಲ್ಲಿ ಫ್ಯಾಟ್ ಯಂತ್ರದಿಂದಲೇ ಅಂಕಿ ಬರುವುದು ದೊಡ್ಡ ಅನುಕೂಲ.

ಗಣಕಿ:

ಹಣದ ಲೆಕ್ಕ ಇರುವುದರಿಂದ ಇಮ್ಮಡಿ ಸಂದೇಶದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಹಳ್ಳಿಯ ಇಂಟರ್ನೆಟ್ ನಡುವೆ ತುಂಡಾದಾಗ ಲೈಬ್ರರಿ ಟೈಮ್‌ಔಟ್ ದೋಷ ಎಸೆಯುತ್ತದೆ, ಆದರೆ ವಿನಂತಿ ಅಷ್ಟರಲ್ಲಿ ಆ ಕಡೆ ತಲುಪಿರಬಹುದು. ನಿಮ್ಮ ಕೋಡ್ ಮತ್ತೆ ಪ್ರಯತ್ನಿಸಿದರೆ ಸದಸ್ಯರಿಗೆ ಒಂದೇ ಲೆಕ್ಕ ಎರಡು ಬಾರಿ ಹೋಗುತ್ತದೆ, ಬಟವಾಡೆಯ ದಿನ ಅವರು ಎರಡನ್ನೂ ತೋರಿಸುತ್ತಾರೆ. ದಿನಾಂಕ, ಹೊತ್ತು ಮತ್ತು ಸದಸ್ಯ ಸಂಖ್ಯೆ ಈ ಮೂರೂ ಸೇರಿ ಡೇಟಾಬೇಸಿನಲ್ಲಿ ಅನನ್ಯವಾಗಿರುವಂತೆ ಒಂದು ಕೋಷ್ಟಕ ಮಾಡಿ. ಮೊದಲು ಅದರಲ್ಲಿ ಸಾಲು ಬರೆದು, ಆಮೇಲೆ ಕಳುಹಿಸಿ. ಫಲಿತಾಂಶ ಸಂದೇಹಾಸ್ಪದವಾಗಿದ್ದರೆ ತಾನಾಗಿ ಮರುಕಳುಹಿಸದೆ, ಸೇವೆಯಲ್ಲಿ ಆ ಸಂಖ್ಯೆಗೆ ಹೋದ ಸಂದೇಶಗಳ ಪಟ್ಟಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕಳುಹಿಸುವ ಕೆಲಸ ಹಿನ್ನೆಲೆಯ ಸರದಿಯಲ್ಲಿ ನಡೆಯಲಿ. ಹಾಲು ಅಳೆಯುವವರ ಪರದೆ ಅದಕ್ಕಾಗಿ ಕಾಯಬಾರದು.

ಫೋನು ಆಫ್ ಆಗಿದ್ದರೆ ಸಂದೇಶ ಕೇಂದ್ರದಲ್ಲಿ ಉಳಿದು, ಬೆಳಗಿನದು ರಾತ್ರಿ ತಲುಪಬಹುದು. ಆಗ ಪಠ್ಯದಲ್ಲಿರುವ 'ಇಂದು' ಯಾವ ದಿನ? ದಿನಾಂಕವನ್ನೇ ಹಾಕಿ.

ನಿಮ್ಮ ವೆಬ್‌ಹುಕ್ ವಿಳಾಸ (ಸೇವೆಯು ವಿನಂತಿ ಕಳುಹಿಸುವ ನಿಮ್ಮ ಸರ್ವರಿನ ವಿಳಾಸ) ಯಾರಿಗೆ ಬೇಕಾದರೂ ತೆರೆದಿರುವುದರಿಂದ, ಬಂದ ವಿನಂತಿ ನಿಜವಾಗಿ ಸೇವೆಯಿಂದಲೇ ಬಂದಿದೆಯೇ ಎಂದು ಸಹಿ ಪರಿಶೀಲಿಸಬೇಕು. ಟ್ವಿಲಿಯೊ ಲೈಬ್ರರಿಯಲ್ಲಿ ರಿಕ್ವೆಸ್ಟ್ ವ್ಯಾಲಿಡೇಟರ್ ಎಂಬ ಕ್ಲಾಸ್ ಇದಕ್ಕೆಂದೇ ಇದೆ. ಫ್ಲಾಸ್ಕಿನ ಮುಂದೆ ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿ (ನಡುವೆ ನಿಂತು ವಿನಂತಿ ದಾಟಿಸುವ ಸರ್ವರ್) ಇದ್ದರೆ, ಹೊರಗಿನ ವಿಳಾಸ ಎಚ್‌ಟಿಟಿಪಿಎಸ್, ಫ್ಲಾಸ್ಕಿಗೆ ಕಾಣುವುದು ಎಚ್‌ಟಿಟಿಪಿ. ಸಹಿಯ ಲೆಕ್ಕದಲ್ಲಿ ವಿಳಾಸವೂ ಸೇರಿರುವುದರಿಂದ ಸರಿಯಾದ ವಿನಂತಿಯೂ ಸುಳ್ಳೆಂದು ಬೀಳುತ್ತದೆ. ಬಹಳ ಜನ ಇಲ್ಲಿ ಬೇಸತ್ತು ಪರಿಶೀಲನೆಯನ್ನೇ ತೆಗೆದುಹಾಕುತ್ತಾರೆ. ಪ್ರಾಕ್ಸಿಯ ಹೆಡರ್ ಅನ್ನು ನಂಬುವಂತೆ ಫ್ಲಾಸ್ಕಿಗೆ ಹೇಳಿದರೆ ಸಾಕು.

ಕಡಲಾಚೆ:

ಅಮೆರಿಕದಲ್ಲಿ ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳ ಸೂಚನೆಗೆ ಇದೇ ಲೈಬ್ರರಿ ಬಳಸುತ್ತೇವೆ. ಇಲ್ಲಿ ಟೆಂಪ್ಲೇಟಿನ ಕಾಟವಿಲ್ಲ, ಆದರೆ ಸಾಧಾರಣ ಹತ್ತಂಕಿಯ ಸಂಖ್ಯೆಯಿಂದ ಕಳುಹಿಸಲು ಎ2ಪಿ 10ಡಿಎಲ್‌ಸಿ ಎಂಬ ನೋಂದಣಿ ಬೇಕೇ ಬೇಕು, ಮತ್ತು 'ಸ್ಟಾಪ್' ಎಂದು ಉತ್ತರಿಸಿದವರಿಗೆ ಮತ್ತೆ ಕಳುಹಿಸಲು ಹೋದರೆ 21610 ಎಂಬ ದೋಷ ಬರುತ್ತದೆ. ಎಪ್ಪತ್ತರ ಲೆಕ್ಕ ಇಲ್ಲಿಯೂ ಅದೇ.

ಹಾಲಿನಲೆಕ್ಕ:

ಎಲ್ಲರ ಸಲಹೆಯನ್ನೂ ಕಾರ್ಯದರ್ಶಿಯವರೊಂದಿಗೆ ಕುಳಿತು ಓದಿದೆ. ಸಂಘದ ಹೆಸರಿನಲ್ಲಿ ಡಿಎಲ್‌ಟಿ ನೋಂದಣಿಗೆ ಅರ್ಜಿ ಸಲ್ಲಿಸುತ್ತಿದ್ದೇವೆ. ಪಠ್ಯವನ್ನು ಹೀಗೆ ಬದಲಿಸಿದ್ದೇನೆ:

12/06 ಬೆಳಿಗ್ಗೆ 7.5 ಲೀ. ಫ್ಯಾಟ್ 4.1 ಎಸ್ಎನ್ಎಫ್ 8.5 ಮೊತ್ತ ರೂ.270.00 -ಸಂಘ

ಇದು 68 ಬರುತ್ತದೆ. ಲೀಟರು ಎರಡಂಕಿಗೆ, ಮೊತ್ತ ನಾಲ್ಕಂಕಿಗೆ ಹೋದರೂ ಸರಿಯಾಗಿ 70. ಸಂಜೆಯದು ಇನ್ನೂ ನಾಲ್ಕು ಕಡಿಮೆ. ಇನ್ನೊಂದು ಪ್ರಶ್ನೆ: ಕರೆನ್ಸಿ ಖಾಲಿಯಾದವರು ಮಿಸ್ಡ್ ಕಾಲ್ ಕೊಟ್ಟರೆ ನಾವೇ ಮರಳಿ ಕರೆ ಮಾಡುವ ವ್ಯವಸ್ಥೆ ಸಾಧ್ಯವೇ?

ಎಪ್ಪತ್ತಕ್ಷರ:

ಚೆನ್ನಾಗಿದೆ. ಬರೀ 'ಸಂಘ' ಎಂದರೆ ಯಾವ ಸಂಘ ಎಂದು ಒಪ್ಪಿಗೆ ಕೊಡುವವರು ಕೇಳಬಹುದು. 'ಮೊತ್ತ' ಪದವನ್ನು ಬಿಡಿ, 'ರೂ.' ಇದ್ದೇ ಇದೆಯಲ್ಲ. ಖಾಲಿ ಜಾಗ ಸೇರಿ ಆರು ಸ್ಥಾನ ಉಳಿಯುತ್ತದೆ, ಅಲ್ಲಿ ಊರಿನ ಹೆಸರು ಹಿಡಿಯುತ್ತದೆಯೇ ನೋಡಿ.

ಧ್ವನಿಪೆಟ್ಟಿಗೆ:

ಸಾಧ್ಯ. ಒಳಬರುವ ಕರೆಗೆ 'ರಿಜೆಕ್ಟ್' ಎಂದು ಉತ್ತರಿಸಿದರೆ ಕರೆ ಸ್ವೀಕಾರವಾಗದೆ ಕಡಿದುಹೋಗುತ್ತದೆ, ಆ ಕಡೆಯವರಿಗೆ ಖರ್ಚಿಲ್ಲ. ಆಮೇಲೆ ಕಾಲ್ಸ್ ಡಾಟ್ ಕ್ರಿಯೇಟ್ ಮೂಲಕ ನೀವು ಮರಳಿ ಕರೆ ಹೊರಡಿಸಬೇಕು. ಕೂಡಲೇ ಹೊರಡಿಸಬೇಡಿ, ಹತ್ತು ಸೆಕೆಂಡು ಬಿಡಿ. ಉತ್ತರ ಬರಲಿಲ್ಲವೆಂದು ಅವರು ಎರಡನೆಯ ಬಾರಿ ಒತ್ತುತ್ತಿರುತ್ತಾರೆ, ಎರಡೂ ಕಡೆ ಎಂಗೇಜ್ ಆಗುತ್ತದೆ. ಒಂದೇ ಸಂಖ್ಯೆಯಿಂದ ಐದು ನಿಮಿಷದೊಳಗೆ ಬಂದ ಮಿಸ್ಡ್ ಕಾಲ್‌ಗಳನ್ನು ಒಂದೆಂದೇ ಎಣಿಸಿ, ಮತ್ತು ಸದಸ್ಯರ ಪುಸ್ತಕದಲ್ಲಿಲ್ಲದ ಸಂಖ್ಯೆಗೆ ಮರಳಿ ಕರೆ ಮಾಡಲೇಬೇಡಿ, ವಿದೇಶದ ಸಂಖ್ಯೆಗಳಿಗಂತೂ ಖಾತೆಯ ಮಟ್ಟದಲ್ಲೇ ಅನುಮತಿ ಮುಚ್ಚಿಡಿ. ಸಂಘವೇ ಹೊರಗೆ ಕರೆ ಮಾಡುವಾಗ ಯಾವ ಬಗೆಯ ಸಂಖ್ಯೆ ಕೊಡುತ್ತಾರೆ ಎಂಬುದನ್ನು ಒಪ್ಪಂದಕ್ಕೆ ಮುಂಚೆ ಸೇವೆಯವರಿಂದ ಲಿಖಿತವಾಗಿ ಪಡೆಯಿರಿ. 140ರಿಂದ ಆರಂಭವಾಗುವುದು ಪ್ರಚಾರದ ಕರೆಗಳ ಸರಣಿ, ಅದನ್ನು ಕಂಡರೆ ಯಾರೂ ಎತ್ತುವುದಿಲ್ಲ.